ಕೂಸು ಅಳದ ಗಿರಣಿ

ಕುದಿಸಿದ ಭತ್ತದ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಹಸಿವಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಈ ವಯಸ್ಸಿನಲ್ಲಿ ಸಿಟ್ಟು ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತೇನೆ. ಸಿಟ್ಟನ್ನು ಮಾತ್ರ ಬಿಟ್ಟಿಲ್ಲ.

ಹೋದ ಕಾರ್ತಿಕದಲ್ಲಿ ಅಕ್ಕನ ಮೊಮ್ಮಗಳ ಮದುವೆಗೆಂದು ರಾಯಚೂರಿನಿಂದ ಮಾನ್ವಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಊರು ಹತ್ತಿರವಾದಂತೆ ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ನೆನೆದ ಭತ್ತದ ಹುಳಿ, ಹಬೆ, ಹೊಟ್ಟು ಸುಟ್ಟ ಹೊಗೆ, ಮೂರೂ ಬೆರೆತ ವಾಸನೆ. ಪಕ್ಕದಲ್ಲಿದ್ದ ಹುಡುಗಿ, "ಅಜ್ಜೀ, ಕಿಟಕಿ ಹಾಕ್ಲೇನ್ರಿ?" ಎಂದು ಕೇಳಿದಳು. ಬೇಡ ಎಂದೆ. ಆ ವಾಸನೆಯ ಜೊತೆ ನನ್ನ ಲೆಕ್ಕ ಇನ್ನೂ ಮುಗಿದಿಲ್ಲ.

ಎಂಬತ್ತರ ದಶಕದ ಆರಂಭ. ಕಾಲುವೆ ನೀರು ಬಂದು ಮಾನ್ವಿಯ ಸುತ್ತಮುತ್ತ ಜೋಳದ ಹೊಲಗಳು ಗದ್ದೆಗಳಾಗಿದ್ದವು. ಅಲ್ಲಿನವರು ನೆಲ್ಲು ಎನ್ನುವ ಭತ್ತ ಬೆಳೆಯಿತು; ಅದರ ಹಿಂದೆ ಗಿರಣಿಗಳು ಎದ್ದವು. ದೇವದುರ್ಗದ ಬಾಲವಾಡಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದ ನನ್ನನ್ನು ತಾಯಿ-ಮಕ್ಕಳ ಹೊಸ ಯೋಜನೆಯ ಮೇಲ್ವಿಚಾರಕಿಯಾಗಿ ಮಾನ್ವಿಗೆ ಹಾಕಿದರು. ದಸರೆ ಮುಗಿದ ಮೇಲೆ ಬಂದೆ. ಅಲ್ಲಿಂದ ಶಿವರಾತ್ರಿಯವರೆಗಿನ ಒಂದು ಸುಗ್ಗಿ, ನಾನು ಹೇಳುತ್ತಿರುವುದು ಅದನ್ನು.

ನನ್ನ ವಿಷಯ ಒಂದು ಮಾತು ಹೇಳಬೇಕು. ನಾನು ಬೆಳೆದದ್ದು ಗಂಟೆಯ ಕೈಕೆಳಗೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ರಾಯಚೂರಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಸೇರಿಸಿದಳು. ಏಳಲಿಕ್ಕೆ ಗಂಟೆ, ಸ್ನಾನಕ್ಕೆ ಗಂಟೆ, ಊಟಕ್ಕೆ ಗಂಟೆ, ದೀಪ ಆರಿಸಲಿಕ್ಕೆ ಗಂಟೆ. ಅನೇಕರು ಅಂಥ ಬಾಲ್ಯವನ್ನು ಜೈಲು ಎನ್ನುತ್ತಾರೆ. ನನಗೆ ಹಾಗನ್ನಿಸಿಲ್ಲ. ಊಟದ ಗಂಟೆ ಬಾರಿಸಿದರೆ ಎಲ್ಲರಿಗೂ ಊಟ. ಮನೆಯಿಂದ ತುಪ್ಪದ ಡಬ್ಬಿ ತಂದವಳಿಗೂ ಅದೇ ಗಂಟೆ, ಏನೂ ತರದ ನನಗೂ ಅದೇ ಗಂಟೆ. ಗಂಟೆ ಅಂದರೆ ನ್ಯಾಯ ಎಂದು ನಾನು ತಿಳಿದಿದ್ದೆ. ಮಾನ್ವಿಯ ಗಿರಣಿಯಲ್ಲಿ ಬೇರೊಂದು ಥರದ ಗಂಟೆ ಕೇಳುವವರೆಗೆ ತಿಳಿದಿದ್ದೆ.

ನಮ್ಮ ಯೋಜನೆಯ ಕೇಂದ್ರ ಕೋಟೆಯ ಓಣಿಯ ಒಂದು ಬಾಡಿಗೆ ಕೋಣೆ. ಮೂರು ವರ್ಷ ತುಂಬಿದ ಮಕ್ಕಳು ಅಲ್ಲಿ ಬಂದು ಕೂತು ಹಾಡು ಹೇಳಿ, ಉಪ್ಪಿಟ್ಟು ತಿಂದು ಹೋಗಬೇಕು. ಮೂರು ತುಂಬದ ಕೂಸುಗಳಿಗೆ ಅಲ್ಲಿ ಜಾಗವಿಲ್ಲ. ಅವುಗಳ ಪಾಲಿನ ಹಿಟ್ಟನ್ನು ತಾಯಂದಿರು ಒಯ್ಯಬೇಕು, ತಾಯಂದಿರಿಗೆ ನಾವು ಮನೆಮನೆಗೆ ಹೋಗಿ ತಿಳಿವಳಿಕೆ ಹೇಳಬೇಕು. ತರಬೇತಿಯಲ್ಲಿ ನಮಗೆ ಚೆನ್ನಾಗಿಯೇ ಕಲಿಸಿದ್ದರು. ಮಗುವಿನ ಮಿದುಳು ಬಲು ಬೇಗ ಬೆಳೆಯುವುದು ಮೊದಲ ಎರಡು ಮೂರು ವರ್ಷಗಳಲ್ಲಿ. ಆಗ ಅದಕ್ಕೆ ಹಾಲು ಎಷ್ಟು ಬೇಕೋ ಮಾತೂ ಅಷ್ಟೇ ಬೇಕು, ನೋಡಿ ನಗುವ ಒಂದು ಮುಖ ಬೇಕು. ಇದನ್ನು ಕಲಿಸಿದವರೇ, ಆ ವಯಸ್ಸಿನ ಮಕ್ಕಳನ್ನೇ ಬಾಗಿಲ ಹೊರಗಿಟ್ಟು ಯೋಜನೆ ಮಾಡಿದ್ದರು. ನನಗೆ ಮೊದಲ ಸಿಟ್ಟು ಬಂದದ್ದು ಅಲ್ಲಿ.

ತಿಳಿವಳಿಕೆ ಹೇಳಲು ಹೋದರೆ ಓಣಿಯ ಮನೆಗಳಿಗೆಲ್ಲ ಬೀಗ. ಕಟ್ಟೆಯ ಮೇಲೆ ಕೂತ ಮುದುಕಿಯೊಬ್ಬಳನ್ನು ಕೇಳಿದೆ.

"ಮಂದಿ ಎಲ್ಲಿ ಹೋಗ್ಯಾರ ಬೇ, ಯವ್ವಾ?"

"ಎಲ್ಲಿ ಹೋಗ್ತಾರವ್ವ, ಮಿಲ್ಲಿಗೆ. ನೆಲ್ಲು ತುಳ್ಯಾಕ."

"ಕೂಸುಗೋಳು?"

"ಅವೂ ಮಿಲ್ಲಿಗೇ. ಹಾಲು ಕುಡಿಯೋ ಕೂಸು ಬೀಗದಾಗ ಇಡಾಕ ಬರ್ತದೇನು?"

ಗಿರಣಿ ಊರ ಹೊರಗೆ, ರಾಯಚೂರಿನ ರಸ್ತೆಗೆ ಇತ್ತು. ಮಾಲೀಕರು ಶರಣಬಸಪ್ಪ ಸಾಹುಕಾರರು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಧೋತರ, ನಯವಾದ ಮಾತು. ನನಗೆ ಕುರ್ಚಿ ಹಾಕಿಸಿದರು, ಚಹಾ ತರಿಸಿದರು.

"ನೋಡ್ರಿ ಅಕ್ಕಾರ, ನೀವು ಬೇಕಾದಷ್ಟು ಮಿಲ್ಲು ತಿರುಗ್ರಿ. ನಮ್ಮ ಮಿಲ್ಲಿನಂಥಾ ಮಿಲ್ಲು ಸಿಗಂಗಿಲ್ಲ. ಕೂಸುಗೋಳಿಗೆ ಅಂತ ನೆಳ್ಳು ಮಾಡಿಸೀನಿ, ನೋಡಾಕ ಒಬ್ಬ ಮುದುಕಿನ್ನ ಇಟ್ಟೀನಿ. ನಮ್ಮಲ್ಲಿ ಕೂಸು ಅಳಂಗಿಲ್ಲ ನೋಡ್ರಿ."

ಹೋಗಿ ನೋಡಿದೆ. ಗಿರಣಿಯ ಹಿಂದೆ ದೊಡ್ಡ ಸಿಮೆಂಟಿನ ಕಣ. ಬಾಯ್ಲರಿನಲ್ಲಿ ಕುದಿದ ಭತ್ತವನ್ನು ಅಲ್ಲಿ ಹರವಿದ್ದರು. ಹೆಂಗಸರು ಸಾಲಾಗಿ ನಿಂತು, ಸೀರೆ ಮೇಲಕ್ಕೆ ಸಿಕ್ಕಿಸಿ, ಕಾಲನ್ನು ನೇಗಿಲಿನಂತೆ ಭತ್ತದೊಳಗೆ ಎಳೆಯುತ್ತ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಹೀಗೆ ನಡೆದರೆ ಭತ್ತ ತಿರುವಿದಂತಾಗಿ ಒಂದೇ ಹದಕ್ಕೆ ಒಣಗುತ್ತದೆ. ನಮ್ಮ ಕಡೆಯ ಚಳಿಗಾಲದ ಬಿಸಿಲೂ ಬಿಸಿಲೇ. ಮೇಲೆ ಬಿಸಿಲು, ಕೆಳಗೆ ಹಬೆಯಾಡುವ ಭತ್ತ. ಆ ಹೆಂಗಸರ ಅಂಗಾಲು ಸುಟ್ಟ ರೊಟ್ಟಿಯ ಹಾಗೆ ಕಪ್ಪಿಟ್ಟು ಗಟ್ಟಿಯಾಗಿತ್ತು.

ಕಣದ ಆಚೆ ಒಂದು ತಗಡಿನ ಚಪ್ಪರ. ಅದರ ಕೆಳಗೆ ಗೋಣಿಚೀಲದ ಮೇಲೆ ಕೂಸುಗಳು ಸಾಲಾಗಿ ಮಲಗಿದ್ದವು. ಮಗ್ಗುಲಲ್ಲೇ ಗಿರಣಿಯ ಗದ್ದಲ. ಅಷ್ಟು ಗದ್ದಲದಲ್ಲಿ ಒಂದು ಕೂಸೂ ಮಿಸುಕಲಿಲ್ಲ. ಒಂದು ಕೂಸಿನ ತುಟಿಯ ಮೇಲೆ ನೊಣ ಕೂತಿತ್ತು. ಕೂಸು ಮುಖ ಅಲ್ಲಾಡಿಸಲಿಲ್ಲ. ನಾನು ಕೂತು ಅದರ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದೆ. ಏನೂ ಇಲ್ಲ. ಬೆರಳಿನಿಂದ ರೆಪ್ಪೆ ಎತ್ತಿದೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು.

ಕೂಸುಗಳನ್ನು ನೋಡಿಕೊಳ್ಳುತ್ತಿದ್ದ ಮುದುಕಿ ಖಾಜಾಬಿ ಬೀಡಿ ಸೇದುತ್ತ ನನ್ನನ್ನೇ ನೋಡುತ್ತಿದ್ದಳು.

"ಏನು ಹಾಕ್ತೀ ಇವಕ್ಕ?" ಎಂದೆ.

"ಕ್ಯಾ ಕರ್ನಾ ಬಾಯಿ," ಎಂದಳು. "ಅಪೀಮ. ಅಕ್ಕಿಕಾಳಿನಷ್ಟು. ನಾ ಸಣ್ಣಾಕಿದ್ದಾಗ ನಮ್ಮವ್ವನೂ ನನಗ ಹಾಕ್ಯಾಳ."

"ಯಾಕ ಹಾಕ್ತೀ?"

ಅವಳು ಬೀಡಿಯ ತುದಿಯಿಂದ ಬಾಯ್ಲರಿನ ಕಡೆ ತೋರಿಸಿದಳು. ಹೋದ ವರ್ಷ ಅಂಬೆಗಾಲಿಡುವ ಕೂಸೊಂದು ಕುದಿನೀರಿನ ತೊಟ್ಟಿಯ ಅಂಚಿಗೆ ಹೋಗಿತ್ತಂತೆ. ಹಮಾಲನೊಬ್ಬ ಕಾಲು ಹಿಡಿದು ಎಳೆದದ್ದಕ್ಕೆ ಉಳಿಯಿತು. "ಇಷ್ಟು ಕೂಸು, ನಾ ಒಬ್ಬಾಕಿ. ಎಚ್ಚರಿದ್ರ ಹರೀತಾವ, ಅಳ್ತಾವ. ಅತ್ರ ಅವರವ್ವಗೋಳು ಕಣ ಬಿಟ್ಟು ಓಡಿ ಬರ್ತಾರ. ಬಂದ್ರ ಮುಕದ್ದಮ ಆವತ್ತಿನ ಕೂಲಿ ಕಡೀತಾನ. ನೀ ಹೇಳು ಬಾಯಿ, ನಾ ಏನು ಮಾಡಲಿ?"

ನಾನು ಚಪ್ಪಾಳೆ ತಟ್ಟಿ ನೋಡಿದ ಕೂಸಿನ ಹೆಸರು ದುರುಗಿ. ಆರು ತಿಂಗಳಾದರೂ ಕತ್ತು ಗಟ್ಟಿಯಾಗಿರಲಿಲ್ಲ. ಅದರ ತಾಯಿ ಹುಲಿಗೆಮ್ಮ, ತವರು ದೇವದುರ್ಗದ ಕಡೆಯ ಹಳ್ಳಿ, ಗಂಡ ಮಲ್ಲಟದವನು, ಲಾರಿಯ ಜೊತೆ ಕ್ಲೀನರ್ ಆಗಿ ಊರೂರು ತಿರುಗುತ್ತಿದ್ದ. ಮಧ್ಯಾಹ್ನದ ಬುತ್ತಿಯ ಹೊತ್ತಿಗೆ ಅವಳು ಬಂದಳು. ಕುಪ್ಪುಸದ ಮುಂಭಾಗ ಒದ್ದೆಯಾಗಿ, ಅದರ ಮೇಲೆ ಹೊಟ್ಟಿನ ಧೂಳು ಕೂತು ಗಟ್ಟಿಯಾಗಿತ್ತು. ಮಗುವನ್ನು ಎತ್ತಿ ಎದೆಗಿಟ್ಟಳು. ಮಗು ಚೀಪಲಿಲ್ಲ. ಕೆನ್ನೆ ತಟ್ಟಿದಳು, ಕಿವಿ ಹಿಂಡಿದಳು. ಎರಡು ಸಲ ಚೀಪಿ ಮತ್ತೆ ನಿದ್ದೆಗೆ ಜಾರಿತು. ಅವಳು ಮಗುವನ್ನು ಮಲಗಿಸಿ ಚಪ್ಪರದ ಹಿಂದೆ ಹೋದಳು. ನಾನೂ ಹಿಂದೆ ಹೋದೆ. ಗಿರಣಿಯ ಬೂದಿ ಸುರಿದ ತಿಪ್ಪೆಯ ಎದುರು ಕೂತು ಅವಳು ತನ್ನ ಹಾಲನ್ನು ಬೂದಿಗೆ ಹಿಂಡುತ್ತಿದ್ದಳು.

ತಿಳಿವಳಿಕೆ ಹೇಳುವ ಪಾಠ ನನಗೆ ಬಾಯಿಪಾಠವಿತ್ತು. ತಾಯಿಯ ಹಾಲೇ ಅಮೃತ, ಹೀಗೆ ಶುರುವಾಗುವ ಪಾಠ. ಅದನ್ನು ಶುರು ಮಾಡುವ ಮೊದಲೇ ಅವಳು ಮಾತಾಡಿದಳು.

"ನನಗ ಗೊತ್ತದರಿ ಅಕ್ಕಾರ. ನೀವು ಹೇಳಬ್ಯಾಡ್ರಿ. ಎಮ್ಮಿ ಕರಾ ಬಿಟ್ಟು ಹಾಲು ಹಿಂಡ್ತೀವಿ ನಾವು. ನನಗ ಕರಾ ಬಿಡೋರು ಯಾರ್ರಿ?"

ಅಷ್ಟರಲ್ಲಿ ಗಂಟೆ ಬಾರಿಸಿತು. ಬೇವಿನ ಗಿಡಕ್ಕೆ ತೂಗುಹಾಕಿದ್ದ ರೈಲು ಕಂಬಿಯ ತುಂಡನ್ನು ಮುಕದ್ದಮ ನರಸಪ್ಪ ಬಡಿದ. ಕೂಲಿಗಳ ಮೇಲಿನ ಯಜಮಾನಿಕೆಯೆಲ್ಲ ಅವನದು. ಬುತ್ತಿ ಮುಗಿಯಿತು, ಹೆಂಗಸರು ಕಣಕ್ಕೆ ಇಳಿದರು. ನಾನು ಬಿಸಿಲು ಇಳಿಯುವವರೆಗೆ ಅಲ್ಲೇ ಇದ್ದೆ. ಮತ್ತೆ ಗಂಟೆ ಬಾರಿಸಿತು. ಈ ಸಲ ಚೀಲ ಹೊರುವ ಹಮಾಲರು ಮಾತ್ರ ಕೆಲಸ ನಿಲ್ಲಿಸಿ ಬೇವಿನ ನೆರಳಿಗೆ ಹೋಗಿ ಕೂತರು. ಹೆಂಗಸರು ನಡೆಯುತ್ತಲೇ ಇದ್ದರು.

"ಇದೇನು ಗಂಟಿ?" ಎಂದು ನರಸಪ್ಪನನ್ನು ಕೇಳಿದೆ.

"ಬೀಡಿ ಗಂಟಿರಿ ಬಾಯಾರ. ಮುಂಜಾನಿ ಒಂದು, ಸಂಜಿಮುಂದ ಒಂದು."

"ಹೆಣ್ಣುಮಕ್ಕಳಿಗೆ?"

ಅವನು ನಕ್ಕ. "ಅವರೇನು ಬೀಡಿ ಸೇದ್ತಾರೇನ್ರಿ? ಬೀಡಿ ಇದ್ದವರಿಗೆ ಬೀಡಿ ಬಿಡುವು."

ಅವನು ಹೇಳಿದ್ದು ಅಕ್ಷರಶಃ ನಿಜ. ಹಮಾಲರಲ್ಲಿ ಈರಪ್ಪನೆಂಬ ಹಿರಿಯನಿದ್ದ. ಕೊರಳಲ್ಲಿ ಲಿಂಗ, ಬೀಡಿ ಮುಟ್ಟಿದವನಲ್ಲ. ಆದರೂ ಅವನ ಕಿವಿಯ ಮೇಲೆ ಒಂದು ಬೀಡಿ ಸದಾ ಇರುತ್ತಿತ್ತು. ಯಾಕೆಂದು ಕೇಳಿದ್ದಕ್ಕೆ ಹೇಳಿದ: "ಸೇದಲಾರದಾವ ಸುಮ್ಮನ ಕುಂತ್ರ ಮುಕದ್ದಮ ಬೈತಾನ್ರಿ. ಅದಕ್ಕ ಕಿವ್ಯಾಗ ಒಂದು ಇಟ್ಟಿರ್ತೀನಿ. ಇದು ಹ್ವಾದ ಸುಗ್ಗಿದು. ಇನ್ನಾ ಗಟ್ಟಿ ಅದ." ಸುತ್ತಲಿನವರು ನಕ್ಕರು. ನನಗೆ ನಗು ಬರಲಿಲ್ಲ. ಹೊಗೆಗೆ ದಿನಕ್ಕೆ ಎರಡು ಗಂಟೆ ಬಾರಿಸುವ ಗಿರಣಿಯಲ್ಲಿ ಹಾಲಿಗೆ ಒಂದು ಗಂಟೆ ಇರಲಿಲ್ಲ.

ಮರುದಿನ ಸಾಹುಕಾರರ ಮನೆಗೇ ಹೋದೆ. ಅಪೀಮಿನ ವಿಷಯ ಹೇಳಿದೆ. ಕೂಸಿರುವ ಹೆಂಗಸರಿಗೆ ಹೊತ್ತು ಹೊತ್ತಿಗೆ ಹಾಲುಣಿಸಲು ಬಿಡಿ, ಚಪ್ಪರಕ್ಕೆ ಒಂದು ತಟ್ಟಿ ಕಟ್ಟಿಸಿ, ಖಾಜಾಬಿಯ ಜೊತೆ ಇನ್ನೊಬ್ಬಳನ್ನು ಇಡಿ ಎಂದೆ. ಅವರು ತಾಳ್ಮೆಯಿಂದ ಕೇಳಿದರು.

"ಅಕ್ಕಾರ, ನೀವು ಹೇಳೋದು ಖರೇ. ಆದ್ರ ನೆಲ್ಲು ಕಣದ ಮ್ಯಾಲಿದ್ದಾಗ ಕಾಲು ನಿಂದ್ರಬಾರದ್ರಿ. ಒಂದು ಕಡಿ ಹೆಚ್ಚು ಒಣಗಿದ್ರ ಮಿಲ್ಲಿಗೆ ಹಾಕಿದಾಗ ಕಾಳು ಒಡೀತದ. ಎಲ್ಲಾ ನುಚ್ಚು ಆಗ್ತದ. ನುಚ್ಚು ಯಾರು ಕೊಳ್ತಾರ್ರಿ?"

ಆಗ ಒಳಗಿನಿಂದ ಅವರ ಮೊಮ್ಮಗ ಅತ್ತ. ದೊಡ್ಡ ಅಳುವೇನಲ್ಲ, ಎದ್ದ ಕೂಸಿನ ರಾಗ. ಸಾಹುಕಾರರು ಮಾತನ್ನು ಅರ್ಧಕ್ಕೆ ನಿಲ್ಲಿಸಿ ಒಳಗೆ ಕೂಗಿದರು. "ಯಾರದೀರಿ ಒಳಗ? ಕೂಸು ಅಳಾಕತ್ತದ, ಕಿವಿ ಕೇಳಂಗಿಲ್ಲೇನು?" ಪೂಜೆಯ ಕೋಣೆಯಿಂದ ಹೆಂಡತಿ ಓಡಿದರು, ಹಿತ್ತಲಿನಿಂದ ಸೊಸೆ ಓಡಿದಳು. ಅಳು ನಿಂತಿತು. ಅವರು ನನ್ನ ಕಡೆ ತಿರುಗಿದರು.

"ಹಾಂ, ಏನಂತಿದ್ರಿ ಅಕ್ಕಾರ?"

ನಾನು ಎದ್ದು ಬಂದೆ. ಹೇಳುವುದನ್ನು ಆ ಕೂಸು ಹೇಳಿಯಾಗಿತ್ತು.

ರಾಯಚೂರಿಗೆ ಹೋಗಿ ಮೇಲಧಿಕಾರಿಗಳಿಗೆ ಹೇಳಿದೆ. ಗಿರಣಿ ನಮ್ಮ ಯೋಜನೆಯೊಳಗೆ ಬರುವುದಿಲ್ಲ, ಅದು ಬೇರೆ ಇಲಾಖೆ ಎಂದರು. ಆ ಬೇರೆ ಇಲಾಖೆಗೆ ಹೋದೆ. ಕೂಸುಗಳು ಕೂಲಿಗಳಲ್ಲವಲ್ಲ, ಅವು ನಿಮ್ಮ ಇಲಾಖೆ ಎಂದರು. ಎರಡು ಕಚೇರಿಗಳ ನಡುವೆ ರಸ್ತೆ ಒಂದೇ. ನಾನು ಆ ರಸ್ತೆ ದಾಟಿದ್ದಷ್ಟೇ ಬಂತು. ಸಂಕ್ರಾಂತಿಗೆ ಮುಂಚೆ ನಮ್ಮ ಅಧಿಕಾರಿಗಳು ತಪಾಸಣೆಗೆ ಮಾನ್ವಿಗೆ ಬಂದಾಗ ಒತ್ತಾಯ ಮಾಡಿ ಗಿರಣಿಗೆ ಕರೆದೊಯ್ದೆ. ಅವರು ಚಪ್ಪರದ ಕೆಳಗೆ ಸಾಲಾಗಿ ಮಲಗಿದ ಕೂಸುಗಳನ್ನು ನೋಡಿ ಬಹಳ ಸಂತೋಷಪಟ್ಟರು.

"ಎಷ್ಟು ಶಿಸ್ತು ನೋಡಿ. ನಮ್ಮ ಕೇಂದ್ರಗಳಲ್ಲಿ ಇಷ್ಟು ಶಿಸ್ತು ಇಲ್ಲ."

ಜೊತೆಯಲ್ಲಿದ್ದವನಿಗೆ ಫೋಟೋ ತೆಗೆಯಲು ಹೇಳಿದರು. ಇದು ಶಿಸ್ತಲ್ಲ ಸಾರ್, ಅಪೀಮು ಎಂದು ಎಲ್ಲರ ಎದುರಿಗೆ ಹೇಳಿದೆ. ಅವರು ಕೇಳಿಸದವರಂತೆ ಸಾಹುಕಾರರ ಜೊತೆ ಚಹಾಕ್ಕೆ ಹೋದರು. ಶಿಸ್ತು ಏನೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಹೊತ್ತಿಗೆ ಎಚ್ಚರಾಗುವುದು ಶಿಸ್ತು. ಎಚ್ಚರವೇ ಆಗದಂತೆ ಮಾಡುವುದಕ್ಕೆ ಬೇರೆ ಹೆಸರಿದೆ.

ಸಂಕ್ರಾಂತಿ ಮುಗಿದ ವಾರ. ಒಂದು ಮಧ್ಯಾಹ್ನ ಹುಲಿಗೆಮ್ಮನ ನೆರೆಯವಳು ನಮ್ಮ ಕೇಂದ್ರಕ್ಕೆ ಓಡಿಬಂದಳು. "ಅಕ್ಕಾರ, ದುರುಗಿ ಏಳವಲ್ಲದರಿ." ಗಿರಣಿಗೆ ಹೋದಾಗ ಹುಲಿಗೆಮ್ಮ ಮಗುವನ್ನು ಮಡಿಲಲ್ಲಿಟ್ಟು ಕೂತಿದ್ದಳು. ತುಟಿ ನೀಲಿಯಾಗಿತ್ತು. ಉಸಿರು ಇತ್ತು, ಆದರೆ ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವೆ ನಮಗೆ ಜೀವ ಹೋಗಿ ಬರುತ್ತಿತ್ತು. ಬೆಳಿಗ್ಗೆ ಖಾಜಾಬಿ ಹಾಕಿದ್ದಳು. ಮಗು ಮತ್ತೆ ಕೆಮ್ಮಿ ಎದ್ದಿತೆಂದು ನರಸಪ್ಪ ಬೈದದ್ದಕ್ಕೆ ಇನ್ನೊಮ್ಮೆ ಹಾಕಿದ್ದಳು. ಈಗ ಅವಳು ಎದೆ ಬಡಿದುಕೊಳ್ಳುತ್ತ, "ಮೈ ಮಾರ್ಡಾಲಿ, ನಾ ಕೊಂದೆ," ಎನ್ನುತ್ತಿದ್ದಳು.

ಸಾಹುಕಾರರ ಜೀಪು ಕೇಳಿದೆವು. ಜೀಪು ದೇವಸುಗೂರಿಗೆ ಹೋಗಿತ್ತು, ಮೊಮ್ಮಗನ ಜವಳ ತೆಗೆಸಲು, ಮನೆಮಂದಿಯೆಲ್ಲ ಹೋಗಿದ್ದರು. ಅಂಗಳದಲ್ಲಿ ಅಕ್ಕಿ ಚೀಲ ತುಂಬಿದ ಲಾರಿಯೊಂದು ರಾಯಚೂರಿಗೆ ಹೊರಡಲು ನಿಂತಿತ್ತು. ಇನ್ನೂ ತೂಕವಾಗಬೇಕು, ಈಗ ಬಿಡುವ ಹಾಗಿಲ್ಲ ಎಂದ ನರಸಪ್ಪ. ಈರಪ್ಪ ಹೋಗಿ ಗೇಟು ತೆಗೆದು ಹಿಡಿದು ನಿಂತ. ಡ್ರೈವರ್ ಗಾಡಿ ಶುರು ಮಾಡಿದ. "ಹತ್ತ್ರಿ ಬಾಯಾರ. ತೂಕ ಆಮ್ಯಾಲ ಮಾಡ್ಕೊಳ್ಳಿ."

ಊರಿನ ಆಸ್ಪತ್ರೆಯ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು ರಾಯಚೂರಿಗೆ ಒಯ್ಯಿರಿ, ನಿದ್ದೆ ಹೋಗಲು ಬಿಡಬೇಡಿ ಎಂದರು. ಆ ದಾರಿಯುದ್ದಕ್ಕೂ ನಾನು ಆ ಮಗುವಿನ ಅಂಗಾಲಿಗೆ ಬೆರಳಿನಿಂದ ಹೊಡೆಯುತ್ತ ಕೂತೆ. ಉಸಿರು ನಿಂತಂತಾದರೆ ಜೋರಾಗಿ ಹೊಡೆಯುತ್ತಿದ್ದೆ, ಆಗ ಒಂದು ಉಸಿರು ಬರುತ್ತಿತ್ತು. ತಾಯಿಯ ಕೈಲಿ ಅದು ಆಗುತ್ತಿರಲಿಲ್ಲ. ಅವಳು ಮಗುವಿನ ಮುಖದ ಹತ್ತಿರ ಮುಖ ಇಟ್ಟು ಒಂದೇ ಸಮನೆ ಮಾತಾಡಿದಳು. "ದುರುಗೀ, ಅಲ್ನೋಡ ಗಿಡ. ಅಲ್ನೋಡ ಎತ್ತು. ನೋಡಬೇ, ನಮ್ಮವ್ವಾ, ಬಂಡಿ ಹೊಂಟದ." ಎಂಟು ತಿಂಗಳಲ್ಲಿ ಹಗಲು ಹೊತ್ತಿನಲ್ಲಿ ಆ ತಾಯಿ ತನ್ನ ಮಗುವಿನ ಜೊತೆ ಅಷ್ಟು ಮಾತಾಡಲು ಸಿಕ್ಕಿದ್ದು ಅದೇ ಮೊದಲು.

ರಾಯಚೂರಿನ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿದರು. ಹೊತ್ತು ಮುಳುಗುವ ಮುಂಚೆ ದುರುಗಿ ಅತ್ತಳು. ಮೊದಲು ಬೆಕ್ಕಿನ ಮರಿಯಂತೆ, ಆಮೇಲೆ ವಾರ್ಡಿನವರೆಲ್ಲ ತಿರುಗಿ ನೋಡುವಂತೆ. ಪಕ್ಕದ ಹಾಸಿಗೆಯ ಹೆಂಗಸು, "ಸುಮ್ಮನಿರಸಬೇ ಅದನ್ನ," ಎಂದಳು. ಹುಲಿಗೆಮ್ಮ, "ನಾ ಇರಸಂಗಿಲ್ಲ," ಎಂದಳು.

ನಾಲ್ಕಾರು ದಿನ ಬಿಟ್ಟು ಅವಳು ಕೆಲಸಕ್ಕೆ ಹೋದಳು. ನಾನೂ ಜೊತೆಗೆ ಹೋದೆ. ಅಷ್ಟರಲ್ಲಿ ಖಾಜಾಬಿ ತನ್ನ ಸಂಚಿಯಲ್ಲಿದ್ದ ಅಪೀಮನ್ನೆಲ್ಲ ಬಾಯ್ಲರಿನ ಒಲೆಗೆ ಹಾಕಿದ್ದಳು. ಗಿರಣಿಯಲ್ಲಿ ಕೂಸುಗಳು ಅಳುತ್ತಿದ್ದವು. ಒಂದು ನಿಂತರೆ ಇನ್ನೊಂದು. ಓಡಾಡುವವನ್ನು ಖಾಜಾಬಿ ಸೀರೆಯ ತುಂಡಿನಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಕಣದಲ್ಲಿ ಹೆಂಗಸರ ಕಾಲು ಭತ್ತದಲ್ಲಿ, ಕಿವಿ ಚಪ್ಪರದಲ್ಲಿ. ನರಸಪ್ಪ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟ: ನಾಳೆಯಿಂದ ಕೂಸು ತಂದವರಿಗೆ ಗೇಟು ತೆಗೆಯುವುದಿಲ್ಲ.

ನಾನು ಸಾಹುಕಾರರ ಕಚೇರಿಗೆ ಹೋಗಿ ನಿಂತೇ ಮಾತಾಡಿದೆ. ಕುರ್ಚಿ ಬೇಡವೆಂದೆ. ಅವರು ಮೊದಲಿನ ಅದೇ ತಾಳ್ಮೆಯಿಂದ, "ನನಗ ಯಾಕ್ರಿ ಈ ರಗಳಿ, ಮನ್ಯಾಗ ಬಿಟ್ಟು ಬರ್ಲಿ," ಎಂದರು. ಯಾವ ಮನೆ, ಯಾರ ಹತ್ತಿರ ಎಂದು ಕೇಳುತ್ತಿದ್ದಾಗ ಬೀಡಿ ಗಂಟೆ ಬಾರಿಸಿತು. ಸ್ವಲ್ಪ ಹೊತ್ತಿಗೆ ನರಸಪ್ಪ ಬಾಗಿಲಿಗೆ ಬಂದ. ಮುಖ ಬಿಳಚಿತ್ತು.

"ಸಾವ್ಕಾರ್ರ, ಹೊರಗ ಬರ್ರಿ. ಹೆಣಮಕ್ಕಳು ಬೀಡಿಗೆ ಕುಂತಾರ."

ಹೋಗಿ ನೋಡಿದೆವು. ಕಣದಲ್ಲಿ ಯಾರೂ ಇರಲಿಲ್ಲ. ಬೇವಿನ ನೆರಳಲ್ಲಿ ಹಮಾಲರ ಪಕ್ಕಕ್ಕೆ ಕೂಸಿರುವ ಹೆಂಗಸರು ಸಾಲಾಗಿ ಕೂತಿದ್ದರು, ಕೂಸು ಇಲ್ಲದವರು ಅವರ ಹಿಂದೆ. ಮುಂದಿನ ಸಾಲಿನ ಒಬ್ಬೊಬ್ಬರ ಮಡಿಲಲ್ಲೂ ಒಂದು ಕೂಸು, ಬೆರಳ ಸಂದಿಯಲ್ಲಿ ಹೊತ್ತಿಸದ ಒಂದು ಬೀಡಿ. ಖಾಜಾಬಿ ತನ್ನ ಬೀಡಿಯ ಕಟ್ಟು ಬಿಚ್ಚಿ ಹಂಚುತ್ತ ಹೋಗುತ್ತಿದ್ದಳು. "ಲೇ, ನಿನಗ? ತಗೋ. ಸೇದಬ್ಯಾಡ, ಹಿಡಕೋ." ಹುಲಿಗೆಮ್ಮ ಬೀಡಿಯನ್ನು ಈರಪ್ಪನ ಹಾಗೆ ಕಿವಿಗೆ ಸಿಕ್ಕಿಸಿಕೊಂಡಿದ್ದಳು. ದುರುಗಿ ಎದೆಗೆ ಅಂಟಿಕೊಂಡಿತ್ತು. ಚೀಪುವ ಸದ್ದು ನನಗೆ ಕೇಳಿಸುತ್ತಿತ್ತು.

"ಏನಿದು?" ಎಂದರು ಸಾಹುಕಾರರು.

ಹುಲಿಗೆಮ್ಮ ತಲೆ ಎತ್ತಲಿಲ್ಲ. "ಬೀಡಿ ಗಂಟಿ ಆತಲ್ರಿ ಯಪ್ಪಾ. ಬೀಡಿ ಇದ್ದವರಿಗೆ ಬಿಡುವು ಅಂತ ಮುಕದ್ದಮರು ಅಂದಾರ. ನಮ್ಮ ಹಂತ್ಯಾಕೂ ಅದ."

ಒಬ್ಬ ಹುಡುಗ ಹಮಾಲ ಕಿಸಕ್ಕನೆ ನಕ್ಕು, "ಬೆಂಕಿ ಬೇಕೇನ ಬೇ, ಹುಲಿಗೆಮ್ಮ?" ಎಂದ. ಖಾಜಾಬಿ ಅವನಿಗೆ, "ನಿನ್ನ ಮೀಸಿ ಬರ್ಲಿ ಮೊದಲ, ಆಮ್ಯಾಲ ಬೆಂಕಿ ಕೊಡಂತಿ," ಎಂದಳು.

ಈರಪ್ಪ ಎದ್ದ. ತಲೆಯ ರುಮಾಲನ್ನು ನಿಧಾನವಾಗಿ ಬಿಚ್ಚಿದ. ನಮ್ಮ ಕಡೆ ಹಿರಿಯ ಗಂಡಸು ನಾಲ್ಕು ಜನರ ಎದುರಿಗೆ ತಲೆ ಬರಿದು ಮಾಡುವುದು ಸಣ್ಣ ಮಾತಲ್ಲ. ಅದರ ಒಂದು ತುದಿಯನ್ನು ಬೇವಿನ ಕೊಂಬೆಗೂ ಇನ್ನೊಂದನ್ನು ಪಕ್ಕದಲ್ಲಿ ನಿಂತಿದ್ದ ಲಾರಿಯ ಕೊಂಡಿಗೂ ಕಟ್ಟಿ, ಹೆಂಗಸರಿಗೂ ಗಂಡಸರಿಗೂ ನಡುವೆ ಮರೆ ಮಾಡಿದ. ಆಮೇಲೆ ಸಾಹುಕಾರರ ಕಡೆ ತಿರುಗಿದ.

"ಅವ್ರನ್ನ ಎಬ್ಬಿಸಿದ್ರ ನಾವೂ ಏಳಂಗಿಲ್ರಿ. ಬೀಡಿ ಮುಗಿಯಾತನಕ ಕುಂತಿರ್ತೀವಿ. ನನ್ನ ಬೀಡಿ ಮುಗೀಬೇಕಂದ್ರ ಇನ್ನೊಂದು ಸುಗ್ಗಿ ಬೇಕು."

ಸಾಹುಕಾರರು ಕಣದ ಕಡೆ ನೋಡಿದರು. ಬಿಸಿಲು ಭತ್ತವನ್ನು ಒಣಗಿಸುತ್ತಿತ್ತು. ಅವರಿಗೆ ನುಚ್ಚು ಕಾಣುತ್ತಿತ್ತು. "ಕುಡಿಸ್ರಿ, ಲಗೂ ಕುಡಿಸಿ ಏಳ್ರಿ," ಎಂದು ಒಳಗೆ ಹೋದರು.

ಆ ಸುಗ್ಗಿ ಮುಗಿಯುವವರೆಗೆ ಹಾಗೆಯೇ ನಡೆಯಿತು. ಗಂಟೆ ಬಾರಿಸಿದರೆ ಹೆಂಗಸರು ಬೀಡಿ ಹಿಡಿದು ಬಂದು ಕೂರುತ್ತಿದ್ದರು. ಕೂಸು ಇಲ್ಲದವರು ಆ ಹೊತ್ತಿಗೆ ಕಣ ತಿರುವಲು ತಾವೇ ಗೊತ್ತುಮಾಡಿಕೊಂಡರು. ಅಕ್ಕಿ ನುಚ್ಚಾಗಲಿಲ್ಲ. ಶಿವರಾತ್ರಿಯ ಹೊತ್ತಿಗೆ ದುರುಗಿಯ ಕತ್ತು ನಿಂತಿತು, ಚಪ್ಪಾಳೆ ತಟ್ಟಿದರೆ ತಿರುಗಿ ನೋಡುತ್ತಿತ್ತು, ಖಾಜಾಬಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕರೆ ತಾನೂ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿತ್ತು. ಎಲ್ಲರೂ ಇದನ್ನು ತಮಾಷೆಯ ಕಥೆಯಾಗಿ ಊರೆಲ್ಲ ಹೇಳಿದರು. ಮಾನ್ವಿಯಲ್ಲಿ ಹೆಣ್ಣುಮಕ್ಕಳು ಬೀಡಿ ಹಿಡಿದು ಸಾಹುಕಾರನನ್ನು ಗೆದ್ದರಂತೆ ಎಂದು ರಾಯಚೂರಿನಲ್ಲೂ ನಕ್ಕರು. ನಾನು ನಗಲಿಲ್ಲ. ಗೆದ್ದದ್ದು ಏನು? ತನ್ನ ಮಗುವಿಗೆ ಹಾಲು ಕೊಡುವುದಕ್ಕೆ ಒಬ್ಬ ತಾಯಿ ಕೈಯಲ್ಲಿ ಬೀಡಿ ಹಿಡಿದು ತೋರಿಸಬೇಕಾಯಿತು. ಹಾಲು ಎಂಬ ಕಾರಣ ಆ ಅಂಗಳದಲ್ಲಿ ಯಾರಿಗೂ ಕಾರಣವಾಗಿ ಕಾಣಲಿಲ್ಲ.

ಮಳೆಗಾಲಕ್ಕೆ ಮುಂಚೆ ನನ್ನನ್ನು ಮತ್ತೆ ದೇವದುರ್ಗಕ್ಕೆ ವರ್ಗ ಮಾಡಿದರು. ಮುಂದೆ ಕೆಲವು ವರ್ಷಕ್ಕೆ ಸಾಹುಕಾರರು ಭತ್ತ ಒಣಗಿಸುವ ಯಂತ್ರ ತಂದರು, ಹೆಂಗಸರ ಕಾಲು ಬೇಡವಾಯಿತು. ದುರುಗಿ ನಡೆದದ್ದು ತಡ, ಮಾತು ಕಲಿತದ್ದು ಇನ್ನೂ ತಡ. ಶಾಲೆಯಲ್ಲಿ ಮೂಕಿ ಎಂದು ಕರೆದರಂತೆ, ಬಿಟ್ಟುಬಿಟ್ಟಳಂತೆ. ಆ ಎಂಟು ತಿಂಗಳ ನಿದ್ದೆಯಲ್ಲಿ ಅವಳಿಂದ ಏನೇನು ಹೋಯಿತೋ. ಅದನ್ನು ತೂಗುವ ತಕ್ಕಡಿ ಯಾವ ಗಿರಣಿಯಲ್ಲೂ ಇಲ್ಲ, ಯಾವ ಇಲಾಖೆಯಲ್ಲೂ ಇಲ್ಲ.

ಹೋದ ಕಾರ್ತಿಕದ ಆ ಮದುವೆಯ ಊಟ ಮುಗಿಸಿ ನಾನು ಕೋಟೆಯ ಓಣಿಯ ಹುಲಿಗೆಮ್ಮನ ಮನೆಗೆ ಹೋದೆ. ಹುಲಿಗೆಮ್ಮ ಈಗಿಲ್ಲ. ಬಾಗಿಲು ತೆರೆದದ್ದು ದುರುಗಮ್ಮ. ಕಂಕುಳಲ್ಲಿ ಮಗಳ ಕೂಸು, ಅಳುತ್ತಿತ್ತು. ಗುರುತು ಹೇಳಿದೆ. "ನಮ್ಮವ್ವ ಹೇಳ್ತಿದ್ಲರಿ, ಅಂಗಾಲಿಗೆ ಹೊಡದ ಅಕ್ಕಾರ ಅಂತ," ಎಂದು ಕಾಲಿಗೆ ಬಿದ್ದಳು. ಮಗಳು ರಸ್ತೆಯಾಚೆಯ ಹತ್ತಿ ಗಿರಣಿಯಲ್ಲಿ ಕೆಲಸ ಮಾಡುತ್ತಾಳೆ, ಕೂಸನ್ನು ಒಳಗೆ ಬಿಡುವುದಿಲ್ಲ, ಈ ಹೊತ್ತಿಗೆ ತಾನು ಗೇಟಿಗೆ ಒಯ್ಯಬೇಕು ಎಂದಳು. "ಭಾಳ ಅಳ್ತದರಿ ಇದು," ಎಂದು ಕೂಸಿನ ಪರವಾಗಿ ಕ್ಷಮೆ ಕೇಳುವವಳಂತೆ ಹೇಳಿದಳು.

"ಅಳಲಿ," ಎಂದೆ. "ಅವರವ್ವಗ ಕೇಳಲಿ."

ನಾನೂ ಜೊತೆಗೆ ನಡೆದೆ. ಗೇಟಿನಲ್ಲಿ ಕಾವಲಿನವನು ಕುರ್ಚಿ ಹಾಕಿಕೊಂಡು ಕೂತಿದ್ದ. ಒಳಗೆ ಗಂಟೆ ಬಾರಿಸಿತು. ಈಗಿನದು ಕರೆಂಟಿನ ಗಂಟೆ. ಸ್ವಲ್ಪ ಹೊತ್ತಿಗೆ ತಲೆತುಂಬ ಹತ್ತಿಯ ಎಳೆ ಅಂಟಿದ ಒಬ್ಬ ಹುಡುಗಿ ಚಹಾದ ಲೋಟ ಹಿಡಿದು ಬೇಗ ಬೇಗ ಬಂದಳು. ಕಾವಲಿನವನು ಲೋಟ ನೋಡಿದ, ಗೇಟು ತೆಗೆದ.

"ಹಾಲು ಕುಡಸಾಕ ಬಿಡಂಗಿಲ್ಲೇನು?" ಎಂದು ದುರುಗಮ್ಮನನ್ನು ಕೇಳಿದೆ.

"ಅದಕ್ಕ ಬಿಡಂಗಿಲ್ರಿ," ಎಂದಳು. "ಚಾಕ್ಕ ಬಿಡ್ತಾರ."

ಹುಡುಗಿ ಲೋಟವನ್ನು ಕಾಂಪೌಂಡಿನ ಗೋಡೆಯ ಮೇಲಿಟ್ಟು ಕೂಸನ್ನು ತೆಗೆದುಕೊಂಡಳು, ಗೋಡೆಗೆ ಮುಖ ಮಾಡಿ ಕೂತಳು. ಅಳು ನಿಂತಿತು. ಮತ್ತೆ ಗಂಟೆ ಆಗುವವರೆಗೆ ನಾನು ಅಲ್ಲೇ ನಿಂತಿದ್ದೆ. ಚಹಾದ ಮೇಲೆ ಕೆನೆ ಕಟ್ಟಿತು, ನೊಣ ಬಂದು ಕೂತಿತು. ಆ ಚಹಾವನ್ನು ಯಾರೂ ಕುಡಿಯಲಿಲ್ಲ.